ವನ್ಯಮೃಗಗಳ ಸಂಖ್ಯಾನಿಯಂತ್ರಣ: ಮೈಸೂರು ಸೀಮೆಯ ಬೇಟೆಗಾರರ ಅಭಿಪ್ರಾಯಗಳು

ಕಾಡಿನಲ್ಲಿ ಯಾವ ಮೃಗವು ಎಷ್ಟಿರಬೇಕು, ಹೆಚ್ಚಿದರೆ ತಗ್ಗಿಸುವವರಾರು, ಕುಂದಿದರೆ ಕಾಯುವವರಾರು ಎಂಬ ಪ್ರಶ್ನೆಗಳಿಗೆ, ವನ್ಯಜೀವಿಶಾಸ್ತ್ರವು ವಿಶ್ವವಿದ್ಯಾನಿಲಯಗಳಲ್ಲಿ ಕಾಲೂರುವುದಕ್ಕೆ ಬಹುಪೂರ್ವದಲ್ಲಿಯೇ, ಕೋವಿ ಹಿಡಿದು ಕಾಡು ಸುತ್ತಿದವರು ತಮ್ಮ ತಮ್ಮ ಅನುಭವಕ್ಕೆ ತಕ್ಕಂತೆ ಉತ್ತರಗಳನ್ನು ಕಂಡುಕೊಂಡಿದ್ದರು. ಆ ಉತ್ತರಗಳಲ್ಲಿ ಐಕಮತ್ಯವಿರಲಿಲ್ಲ. ಒಬ್ಬನೇ ಬೇಟೆಗಾರನು ತಾರುಣ್ಯದಲ್ಲಿ ನಂಬಿದುದನ್ನು ವಾರ್ಧಕ್ಯದಲ್ಲಿ ತಾನೇ ಅಲ್ಲಗಳೆದ ನಿದರ್ಶನಗಳೂ ಉಂಟು. ಆದಾಗ್ಯೂ ಅವುಗಳ ತಳದಲ್ಲಿ ಒಂದು ಸೂತ್ರವು ಹಾದುಹೋಗಿರುವುದನ್ನು ಗಮನಿಸಬಹುದು. ಬೇಟೆಗಾರನು ಯಾವ ಪ್ರಾಣಿಯನ್ನು ಗೌರವಿಸಿದನೋ ಅದಕ್ಕೆ ನಿಯಮಗಳನ್ನು ಮಾಡಿದನು. ಯಾವುದನ್ನು ತನ್ನ ಪಾಲಿಗೆ ಬಾಯಿಹಾಕುವ ಪ್ರತಿಸ್ಪರ್ಧಿಯೆಂದು ಎಣಿಸಿದನೋ ಅದರ ತಲೆಗೆ ಬಹುಮಾನ ಸಾರಿದನು. ಆನೆ, ಕಾಟಿ, ಕಡವೆಗಳು ಮೊದಲನೆಯ ಪಂಕ್ತಿಯಲ್ಲಿಯೂ ತೋಳ, ಸೀಳುನಾಯಿಗಳು ಎರಡನೆಯದರಲ್ಲಿಯೂ ಕುಳಿತವು. ಹುಲಿಯೊಂದು ಮಾತ್ರ ಎರಡು ಪಂಕ್ತಿಗಳಲ್ಲಿಯೂ ಎಲೆ ಹಾಕಿಸಿಕೊಂಡ ವಿಚಿತ್ರ ಅತಿಥಿ.

ಬೆಂಗಳೂರಿನ ದಕ್ಷಿಣಭಾಗದಲ್ಲಿ ವಾಸಿಸುವ ವಾಚಕನಿಗೆ ಇದೆಲ್ಲವೂ ದೂರದ ಸಂಗತಿಯೆಂದು ತೋರಬಹುದು. ಆದರೆ 1948ರಲ್ಲಿ ಶಂಕುಸ್ಥಾಪನೆಗೊಂಡ ಜಯನಗರವೂ, ತರುವಾಯ ಒಂದನ್ನೊಂದು ಅಟ್ಟಿಕೊಂಡು ಬೆಳೆದ ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳೂ ರಾಗಿಹೊಲಗಳ ಮೇಲೆ, ಕೆರೆಯ ಅಂಗಳಗಳ ಬದಿಯಲ್ಲಿ ಎದ್ದು ನಿಂತವುಗಳು. ಈ ಬಡಾವಣೆಗಳಿಂದ ಹೊರಟ ಹಾದಿಗಳು ಇಂದಿಗೂ ಒಂದು ಕಡೆ ತುರಹಳ್ಳಿಯ ಬಂಡೆಗಾಡಿನಲ್ಲಿ, ಇನ್ನೊಂದು ಕಡೆ ಬನ್ನೇರುಘಟ್ಟದ ಬೆಟ್ಟಸಾಲಿನಲ್ಲಿ ಕೊನೆಗಾಣುತ್ತವೆ. 1974ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಗಿ ಈಗ ಸುಮಾರು 260 ಚದರ ಕಿಲೋಮೀಟರುಗಳಷ್ಟು ವಿಸ್ತಾರವಾಗಿರುವ ಬನ್ನೇರುಘಟ್ಟವು ದಕ್ಷಿಣದಲ್ಲಿ ಕಾವೇರಿಯ ಕಣಿವೆಯ ಕಾಡುಗಳೊಡನೆಯೂ ಪೂರ್ವದಲ್ಲಿ ತಳಿ, ಜವಳಗಿರಿಗಳ ಕಾಡಿನೊಡನೆಯೂ ಸಂಬಂಧವನ್ನು ಉಳಿಸಿಕೊಂಡಿದ್ದು, ಆನೆಗಳು ರಾಗಿಯ ತೆನೆ ಬಲಿಯುವ ಕಾಲವನ್ನು ಪಂಚಾಂಗ ನೋಡಿದಂತೆ ತಿಳಿದು ಆ ಜಾಡಿನಲ್ಲಿ ಬರುತ್ತವೆ. (ಬನ್ನೇರುಘಟ್ಟದ ರಸ್ತೆಯ ಹುಳಿಮಾವಿನ ಹೆಸರಿನಲ್ಲಿ ಹುಲಿಯನ್ನು ಕಾಣುವವರುಂಟು; ಅಲ್ಲಿರುವುದು ಹುಳಿಯಾದ ಮಾವು, ಹುಲಿಯಲ್ಲ.)

ಕನ್ನಡನಾಡಿನ ಬೇಟೆಯ ಇತಿಹಾಸವು ಕಲ್ಲಿನ ಮೇಲೆ ಬರೆದದ್ದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949-50ರ ಶಾಸನವು, ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನು ಒಡೆಯನಾದ ಬೂತುಗನಿಂದ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದುದನ್ನೂ, ಆ ನಾಯಿಯು ಕಾಡುಹಂದಿಯೊಡನೆ ಕಾದಾಡಿ ಹಂದಿಯೊಡನೆ ತಾನೂ ಮಡಿದುದನ್ನೂ ತಿಳಿಸುತ್ತದೆ. ಯುದ್ಧದ ಜಯಕ್ಕೆ ನಾಯಿಯನ್ನು ಪಾರಿತೋಷಕವಾಗಿ ಬೇಡಿದ ಯೋಧನ ಮನಸ್ಸನ್ನು ಅರಿತವನಿಗೆ, ಅಂದಿನ ಬೇಟೆಯನ್ನು ಕೇವಲ ವಿನೋದವೆಂದು ತಳ್ಳಿಹಾಕಲು ಮನಸ್ಸು ಬಾರದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೃಗಯೆಗೂ ಮೀನುಹಿಡಿಯುವುದಕ್ಕೂ ಪ್ರತ್ಯೇಕ ಸ್ಥಾನವಿದೆ. ಹುಲಿಯನ್ನೋ ಹಂದಿಯನ್ನೋ ಇರಿದು ಮಡಿದವರ ವೀರಗಲ್ಲುಗಳು ಮೈಸೂರು ಸೀಮೆಯಲ್ಲಿ ಅಲ್ಲಲ್ಲಿ ಕಾಣಬರುತ್ತವೆ. ತೋಳನನ್ನು ಕೊಂದುದಕ್ಕೆ ಕಲ್ಲು ನಿಲ್ಲಿಸುವಷ್ಟು ಕೀರ್ತಿಯಿತ್ತೆಂದು ತೋರುವುದಿಲ್ಲ.

ವ್ಯವಸ್ಥಿತವಾದ ಅಭಿಪ್ರಾಯಗಳು ಲಿಖಿತರೂಪದಲ್ಲಿ ದೊರೆಯತೊಡಗುವುದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ. ಆಗ ಬ್ರಿಟಿಷ್ ಆಡಳಿತವು ಮನುಷ್ಯರಿಗೂ ದನಕರುಗಳಿಗೂ ಅಪಾಯಕರವೆಂದು ಎಣಿಸಿದ ಪ್ರಾಣಿಗಳ ಪಟ್ಟಿಯನ್ನು ಮಾಡಿ, ಕೊಂದು ತಂದ ಒಂದೊಂದು ತಲೆಗೂ ಇಂತಿಷ್ಟು ಎಂದು ಬಹುಮಾನವನ್ನು ನಿಗದಿಪಡಿಸಿ, ವರ್ಷ ವರ್ಷವೂ ಸತ್ತವುಗಳ ಲೆಕ್ಕವನ್ನು ಕಂದಾಯದ ಲೆಕ್ಕದಷ್ಟೇ ಶ್ರದ್ಧೆಯಿಂದ ಬರೆದಿಟ್ಟಿತು. ಆ ಕಡತಗಳನ್ನು ಶೋಧಿಸಿದ ಇತಿಹಾಸಕಾರ ಮಹೇಶ ರಂಗರಾಜನ್ ಅವರ ಗಣನೆಯಂತೆ 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಭಾರತದಲ್ಲಿ 80,000ಕ್ಕೂ ಹೆಚ್ಚು ಹುಲಿಗಳು, 1,50,000ಕ್ಕೂ ಹೆಚ್ಚು ಚಿರತೆಗಳು, ಸುಮಾರು 2,00,000 ತೋಳಗಳು ಹತವಾದವು. ಸಂಖ್ಯೆಯಲ್ಲಿ ತೋಳವೇ ಮುಂದಾಗಿರುವುದನ್ನೂ, ಆದರೆ ಆ ಕಾಲದ ಶಿಕಾರಿ ಸಾಹಿತ್ಯದ ರಾಶಿಯಲ್ಲಿ ತೋಳನಿಗೆ ದೊರೆತ ಪುಟಗಳು ಬೆರಳೆಣಿಕೆಯಷ್ಟೇ ಇರುವುದನ್ನೂ ಒಟ್ಟಿಗೆ ನೋಡಬೇಕು. ಹುಲಿಯನ್ನು ಅಟ್ಟಣಿಗೆಯ ಮೇಲೆ ರಾತ್ರಿಯೆಲ್ಲ ಕುಳಿತು ಕಾದರು. ತೋಳನ ಗವಿಗೆ ಹೊಗೆಯಿಟ್ಟು ಮರಿಗಳನ್ನು ಹೊಡೆದು ಕೊಂದರು. ಮೈಸೂರಿನ ವಾನ್ ಇಂಗೆನ್ ಮನೆತನದ ಕಾರ್ಯಾಗಾರವು ಇಪ್ಪತ್ತನೆಯ ಶತಮಾನದ ಬಹುಭಾಗ ಸಹಸ್ರಾರು ಹುಲಿಚಿರತೆಗಳ ಚರ್ಮವನ್ನು ಹದಮಾಡಿ ಜಗತ್ತಿನ ನಾನಾ ಅರಮನೆಗಳಿಗೆ ಕಳುಹಿಸಿತು. ಗೋಡೆಯ ಮೇಲೆ ತೂಗಿಹಾಕಲು ತೋಳನ ತಲೆಯನ್ನು ಬಯಸಿದವರು ವಿರಳ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬ ನಮ್ಮ ಗಾದೆಯು ಅಂದಿನ ಸರ್ಕಾರದ ನೀತಿಯನ್ನು ಯಾವ ಸುತ್ತೋಲೆಗಿಂತಲೂ ಸ್ಪಷ್ಟವಾಗಿ ಹೇಳುತ್ತದೆ.

ಈ ಸಾರ್ವತ್ರಿಕ ಉತ್ಸಾಹದ ನಡುವೆ ಭಿನ್ನಸ್ವರವನ್ನೆತ್ತಿದವರಲ್ಲಿ ಪ್ರಮುಖನು ಮೈಸೂರಿನಲ್ಲಿಯೇ ಇದ್ದನು. ನೀರಾವರಿ ನಾಲೆಗಳ ಅಧಿಕಾರಿಯಾಗಿದ್ದು, 1874ರಲ್ಲಿ ಚಾಮರಾಜನಗರದ ಬಳಿ ಖೆಡ್ಡಾ ಕ್ರಮದಿಂದ ಆನೆಗಳನ್ನು ಸೆರೆಹಿಡಿದು ಪ್ರಸಿದ್ಧನಾದ ಜಿ.ಪಿ. ಸ್ಯಾಂಡರ್ಸನ್, 1878ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಹುಲಿಯ ಸರ್ವನಾಶವನ್ನು ಬಯಸುವವರನ್ನು ನೇರವಾಗಿ ಖಂಡಿಸಿದನು. ಆತನ ವಾದಸರಣಿಯು ಸರಳವಾದುದು: ನರಭಕ್ಷಕವಾದ ಹುಲಿಯನ್ನು ಕೊಲ್ಲಲೇಬೇಕು; ಆದರೆ ಉಳಿದ ಹುಲಿಗಳು ಜಿಂಕೆ, ಕಡವೆ, ಹಂದಿಗಳನ್ನು ತಿಂದು ರೈತನ ಬೆಳೆಯನ್ನು ಕಾಯುತ್ತವೆ; ಅವುಗಳನ್ನು ಅಳಿಸಿಬಿಟ್ಟರೆ ಹಂದಿಗಳಿಂದ ಹೊಲಗಳಿಗೆ ಆಗುವ ಹಾನಿಯು ಹುಲಿಯಿಂದ ಹಟ್ಟಿಗೆ ಆಗುತ್ತಿದ್ದ ಹಾನಿಯನ್ನು ಮೀರಿಸುವುದು. ಊರವರ ಗೋಳನ್ನು ಸಮೀಪದಿಂದ ಕಂಡವನಾದ್ದರಿಂದ ಇದು ಕುರ್ಚಿಯಲ್ಲಿ ಕುಳಿತು ಮಾಡಿದ ತತ್ತ್ವಜಿಜ್ಞಾಸೆಯಾಗಿರಲಿಲ್ಲ. ಅಮೆರಿಕದ ಅರಣ್ಯಾಧಿಕಾರಿ ಆಲ್ಡೊ ಲಿಯೊಪೋಲ್ಡನು, ತೋಳಗಳು ಕಡಿಮೆಯಾದಷ್ಟೂ ಜಿಂಕೆಗಳು ಹೆಚ್ಚುವುವೆಂಬ ಬೇಟೆಗಾರರ ಸಮೀಕರಣವನ್ನು ತಾನೂ ನಂಬಿ ತೋಳನನ್ನು ಕೊಂದು, ಬಳಿಕ ತೋಳಗಳಿಲ್ಲದ ಬೆಟ್ಟಗಳನ್ನು ಜಿಂಕೆಗಳು ಬೋಳಾಗಿ ಮೇಯ್ದುದನ್ನು ಕಂಡು ಪಶ್ಚಾತ್ತಾಪಪಟ್ಟ ಪ್ರಸಂಗವು ಇಂದು ಲೋಕವಿಖ್ಯಾತವಾಗಿದೆ. ಅದು ಅಚ್ಚಾದುದು ಅವನ ಮರಣಾನಂತರ, 1949ರಲ್ಲಿ. ಚಾಮರಾಜನಗರದ ಕಾಡಂಚಿನಲ್ಲಿ ಅದೇ ತರ್ಕದ ಅರ್ಧಭಾಗವು ಎಪ್ಪತ್ತು ವರ್ಷಗಳಷ್ಟು ಮುಂಚೆಯೇ ಬರೆಯಲ್ಪಟ್ಟಿತ್ತೆಂಬುದನ್ನು ನಾವು ನೆನೆಯುವುದು ಕಡಿಮೆ. ಅರ್ಧಭಾಗ ಎನ್ನುವುದಕ್ಕೆ ಕಾರಣವುಂಟು: ಸ್ಯಾಂಡರ್ಸನ್ನನ ಕರುಣೆಯು ಹುಲಿಯವರೆಗೆ ಬಂದು ನಿಂತಿತು.

ಬೇಟೆಗೆ ಋತುವನ್ನೂ ಮಿತಿಯನ್ನೂ ವಿಧಿಸುವ ಕಾನೂನುಗಳು ಹುಟ್ಟಿದುದೂ ಬೇಟೆಗಾರರ ಒತ್ತಾಯದಿಂದಲೇ. ನೀಲಗಿರಿಯಲ್ಲಿ 1877ರಲ್ಲಿ ಶಿಕಾರಿಗಳ ಸಂಘವು ಏರ್ಪಟ್ಟು, ಎರಡೇ ವರ್ಷಗಳಲ್ಲಿ ಮೃಗಮತ್ಸ್ಯರಕ್ಷಣೆಯ ಶಾಸನವನ್ನು ಮದರಾಸು ಸರ್ಕಾರದಿಂದ ಮಾಡಿಸಿಕೊಂಡಿತು. ಮೈಸೂರು ಸಂಸ್ಥಾನದಲ್ಲಿ 1901ರ ಎರಡನೆಯ ರೆಗ್ಯುಲೇಷನ್ ಅದೇ ಉದ್ದೇಶದಿಂದ ಜಾರಿಗೆ ಬಂದಿತು. ಇವುಗಳ ಹಿಂದಿದ್ದ ಭಾವನೆಯು ಕೃಷಿಕನದಕ್ಕೆ ಸಮೀಪವಾದುದು. ಜಿಂಕೆಯೆಂಬುದು ಬೆಳೆ, ಲೈಸೆನ್ಸು ಹೊಂದಿದವನು ಕುಯ್ಲುಗಾರ, ಮರಿಹಾಕುವ ಕಾಲವು ಬಿತ್ತನೆಯ ಕಾಲ, ಸೀಳುನಾಯಿಯು ಕಳೆ. ಹೀಗಾಗಿ ಹೆಣ್ಣುಜಿಂಕೆಗೆ ರಕ್ಷಣೆ ದೊರೆತ ಸೀಮೆಗಳಲ್ಲಿಯೇ ಸೀಳುನಾಯಿಯ ಬಾಲಕ್ಕೆ ಬೆಲೆ ಕಟ್ಟಿದ್ದರು. ಹಿಂಡುಗಟ್ಟಿ ಓಡಿಸಿ ಜೀವಂತವಾಗಿಯೇ ಹರಿದು ತಿನ್ನುವ ಅದರ ಕ್ರಮವನ್ನು ಕಂಡು ಅಸಹ್ಯಪಟ್ಟುಕೊಂಡವರಲ್ಲಿ ದೊಡ್ಡ ದೊಡ್ಡ ಶಿಕಾರಿಗಳಿದ್ದರು. ಗುಂಡುತಗುಲಿದ ಜಿಂಕೆಯು ಪೊದೆಯೊಳಗೆ ಎರಡು ದಿನ ನರಳಿ ಸಾಯುವುದನ್ನು ಅವರು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಟ್ಟು ತೂಗಿದಂತೆ ಕಾಣುವುದಿಲ್ಲ. ಬಹುಕಾಲದ ಈ ಪೂರ್ವಗ್ರಹವನ್ನು ಸಡಿಲಿಸಿದ ಗೌರವದಲ್ಲಿ ಒಂದು ಪಾಲು ನೀಲಗಿರಿಯ ವಕೀಲರೂ ಮಾಜಿ ಬೇಟೆಗಾರರೂ ಆಗಿದ್ದ ಇ.ಆರ್.ಸಿ. ದಾವಿದಾರ್ ಅವರಿಗೂ, ಇನ್ನೊಂದು ಪಾಲು 1970ರ ದಶಕದ ಉತ್ತರಾರ್ಧದಲ್ಲಿ ಬಂಡೀಪುರದಲ್ಲಿ ಸೀಳುನಾಯಿಗಳ ಹಿಂದೆ ನಡೆದು ಅಧ್ಯಯನ ಮಾಡಿದ ಎ.ಜೆ.ಟಿ. ಜಾನ್‌ಸಿಂಗ್ ಅವರಿಗೂ ಸಲ್ಲಬೇಕು.

ಬಂಡೀಪುರವೂ ಬೇಟೆಯ ಕೂಸೇ. ಮೈಸೂರು ಮಹಾರಾಜರ ಮೃಗಯಾವನವಾಗಿದ್ದ ಪ್ರದೇಶದಲ್ಲಿ 1931ರಲ್ಲಿ ಸುಮಾರು 90 ಚದರ ಕಿಲೋಮೀಟರುಗಳ ಅಭಯಾರಣ್ಯವು ಏರ್ಪಟ್ಟು, 1941ರಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವೆಂಬ ಹೆಸರಿನಲ್ಲಿ ವಿಸ್ತೃತವಾಗಿ, 1973ರಲ್ಲಿ ಹುಲಿಯೋಜನೆಯ ಮೊದಲ ಒಂಬತ್ತು ಕ್ಷೇತ್ರಗಳಲ್ಲಿ ಒಂದಾಯಿತು. ಸ್ವತಂತ್ರ ಭಾರತದ ವನ್ಯಜೀವಿ ಮಂಡಳಿಯು 1952ರಲ್ಲಿ ರಚಿತವಾದಾಗ ಅದರ ಮೊದಲ ಅಧ್ಯಕ್ಷರಾದವರು ಜಯಚಾಮರಾಜ ಒಡೆಯರು. ಬೇಟೆಯಾಡಿ ಬಲ್ಲ ಅರಸುಮನೆತನಗಳಿಂದಲೂ ತೋಟದ ದೊರೆಗಳಿಂದಲೂ ಅಂದಿನ ರಕ್ಷಣಾನೀತಿಯು ರೂಪುಗೊಂಡಿತೆಂಬುದನ್ನು ಇಂದಿನ ರಕ್ಷಣಾವಾದಿಗಳಲ್ಲಿ ಕೆಲವರು ಸಂಕೋಚದಿಂದ ಒಪ್ಪುತ್ತಾರೆ. ಸಂಕೋಚಕ್ಕೆ ಕಾರಣ ಕಾಣೆ.

ಬೆಂಗಳೂರಿಗೆ ಸಂಬಂಧಿಸಿದಂತೆ ಈ ವಿಷಯದಲ್ಲಿ ಮೊದಲು ನೆನಪಾಗುವ ಹೆಸರು ಕೆನೆತ್ ಆಂಡರ್ಸನ್ (1910-1974). ವಿಮಾನ ಕಾರ್ಖಾನೆಯ ನೌಕರಿಯಲ್ಲಿದ್ದುಕೊಂಡು, ರಜೆ ಸಿಕ್ಕಾಗಲೆಲ್ಲ ಕಾರನ್ನೇರಿ ಆನೇಕಲ್ಲು, ತಳಿ, ಡೆಂಕಣಿಕೋಟೆಗಳ ಕಡೆಗೆ ಹೊರಡುತ್ತಿದ್ದ ಈತನ ಕಥೆಗಳಲ್ಲಿ ಜವಳಗಿರಿಯ ಹುಲಿ, ಗುಮ್ಮಳಾಪುರದ ಚಿರತೆ ಮೊದಲಾದವು ಬರುವುದು ನಗರದ ದಕ್ಷಿಣದ ಅಂಚಿನಿಂದ ಒಂದೆರಡು ಗಂಟೆಯ ಪ್ರಯಾಣದ ಸ್ಥಳಗಳಲ್ಲಿ. ನರಭಕ್ಷಕಗಳು ಹುಟ್ಟಿನಿಂದ ಆಗುವುದಿಲ್ಲ, ಅರೆಗುಂಡು ತಿಂದೋ ಮುಳ್ಳುಹಂದಿಯ ಮುಳ್ಳು ನೆಟ್ಟೋ ಸಹಜವಾದ ಬೇಟೆಗೆ ಅಸಮರ್ಥವಾದಾಗ ಆಗುತ್ತವೆ ಎಂಬುದು ಆತನ ದೃಢವಾದ ಅಭಿಪ್ರಾಯ. ಆದ್ದರಿಂದ ಒಂದು ಪ್ರಾಣಿಯ ಅಪರಾಧಕ್ಕೆ ಜಾತಿಯನ್ನೆಲ್ಲ ದಂಡಿಸುವುದು ಅನ್ಯಾಯವೆಂದೂ, ರಾತ್ರಿ ಕಾರಿನ ದೀಪದ ಬೆಳಕಿನಲ್ಲಿ ಕುರುಡುಗೊಳಿಸಿ ಹೊಡೆಯುವವರು, ಕೀಟನಾಶಕವನ್ನು ಹೆಣಕ್ಕೆ ಸವರಿ ಹುಲಿಗಳನ್ನು ಕೊಲ್ಲುವವರು ಬೇಟೆಗಾರರೇ ಅಲ್ಲವೆಂದೂ ಆತನು ಭಾವಿಸಿದ್ದನು. ಆತನ ಕಥೆಗಳಲ್ಲಿ ಎಷ್ಟು ಅನುಭವ, ಎಷ್ಟು ಒಗ್ಗರಣೆ ಎಂಬ ಚರ್ಚೆಯು ಹಿಂದಿನಿಂದಲೂ ಇದೆ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಅವುಗಳನ್ನು ಕನ್ನಡಕ್ಕೆ ತಂದ ಮೇಲೆ ಕನ್ನಡಿಗರ ಕಲ್ಪನೆಯ ಕಾಡಿಗೆ ಆಂಡರ್ಸನ್ನನೇ ದಾರಿತೋರಿಸುವವನಾದನು. ಸ್ವತಃ ಕೋವಿ ಹಿಡಿದು ಕಾಡಲೆದಿದ್ದ ತೇಜಸ್ವಿಯವರು ಕ್ರಮೇಣ ಕ್ಯಾಮೆರಾ ಹಿಡಿದು ಹಕ್ಕಿಗಳ ಮುಂದೆ ಕುಳಿತ ವೃತ್ತಾಂತವು ಒಂದು ತಲೆಮಾರಿನ ಮನಃಪರಿವರ್ತನೆಯ ಸಂಕ್ಷಿಪ್ತ ಚರಿತ್ರೆಯಂತಿದೆ. ಪುತ್ತೂರು ಸೀಮೆಯ ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’, ‘ಈಡೊಂದು ಹುಲಿಯೆರಡು’ ಎಂಬ ಕೃತಿಗಳು ಅನ್ಯಭಾಷೆಯಿಂದ ಬಂದವಲ್ಲ. ನಮ್ಮ ಊರುಗಳ ಈಡುಗಾರನು ತನ್ನ ಕಾಡನ್ನು ತಾನೇ ವರ್ಣಿಸಿದ ಗ್ರಂಥಗಳೆಂಬ ಕಾರಣದಿಂದ ಅವು ಹೆಚ್ಚಿನ ಗಮನಕ್ಕೆ ಅರ್ಹವಾಗಿವೆ.

ಇಷ್ಟು ಹೊತ್ತು ನೋಡಿದುದು ಬಂದೂಕಿನ ಲೈಸೆನ್ಸೂ ಬಿಡುವೂ ಇದ್ದವರ ಅಭಿಪ್ರಾಯವನ್ನು. ಬೇಟೆಯು ಬದುಕಿನ ಅಂಗವೇ ಆಗಿದ್ದ ಸಮುದಾಯಗಳಲ್ಲಿ ಮಿತಿಯ ಕಲ್ಪನೆಯು ಕಾನೂನಿನ ರೂಪದಲ್ಲಿರದೆ ಆಚಾರದ ರೂಪದಲ್ಲಿತ್ತು. ಕೊಡಗಿನಲ್ಲಿ ಹುಲಿಯನ್ನು ಕೊಂದ ವೀರನಿಗೆ ಮದುವೆಯ ಮರ್ಯಾದೆಯಿಂದ ಮಾಡುತ್ತಿದ್ದ ‘ನರಿಮಂಗಲ’ವೆಂಬ ಉತ್ಸವದ ಹೆಸರು ಬಯಲುಸೀಮೆಯವನಿಗೆ ನಗೆ ತರಿಸಬಹುದು, ಕೊಡವ ತಕ್ಕಿನಲ್ಲಿ ನರಿಯೆಂದರೆ ಹುಲಿ. ಗದ್ದೆಯ ಕೆಲಸ ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ಬರುವ ಕೈಲ್‌ಪೊಳ್ದಿನಂದು ಆಯುಧಗಳನ್ನು ಪೂಜಿಸಿ ಬೇಟೆಗೆ ಹೊರಡುತ್ತಿದ್ದ ಪದ್ಧತಿಯಲ್ಲಿ, ಅದಕ್ಕೆ ಮುಂಚಿನ ನಾಟಿಯ ದಿನಗಳಲ್ಲಿ ಕೋವಿಯನ್ನು ಮುಟ್ಟದಿರುವ ನಿಯಮವು ಅಡಕವಾಗಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದ ಇದ್ದ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2029ರವರೆಗೆ ಮುಂದುವರಿಸಿದೆ. ರಾಜ್ಯದ ಉಚ್ಚನ್ಯಾಯಾಲಯವು 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಮಲೆನಾಡಿನ ಹಳುಬೇಟೆಯಲ್ಲಿ ಈಡು ಹೊಡೆದವನಿಗೆ, ಸೋವಿದವರಿಗೆ, ಕೊನೆಗೆ ನಾಯಿಗೂ ಇಂತಿಷ್ಟು ಎಂದು ಪಾಲು ಗೊತ್ತಾಗಿರುತ್ತಿದ್ದು, ಆ ಪಾಲಿನ ಗಣಿತಕ್ಕೆ ತಪ್ಪಿದವನು ಮುಂದಿನ ಬೇಟೆಯ ಕರೆಗೆ ಹೊರತಾಗುತ್ತಿದ್ದನು.

ಬನ್ನೇರುಘಟ್ಟದ ಕಾಡಂಚಿನಲ್ಲಿಯೇ ಹಕ್ಕಿಪಿಕ್ಕಿಗಳ ಕಾಲೊನಿಯೊಂದಿದೆ. ಗುಜರಾತಿಗೆ ಸಮೀಪವಾದ ವಾಗ್ರಿಬೂಲಿಯನ್ನಾಡುವ, ಬಲೆ ಉರುಳುಗಳಲ್ಲಿ ನಿಷ್ಣಾತರಾಗಿದ್ದ ಈ ಅಲೆಮಾರಿಗಳನ್ನು ಸರ್ಕಾರವು ಬೇಟೆ ಬಿಡಿಸಿ ನೆಲೆಗೊಳಿಸಿತು. ಇವರಂತೆಯೇ ಉರುಳುಬೇಟೆಯವರಾದ ದಖ್ಖನಿನ ಫಾಸೆಪಾರ್ದಿಗಳಲ್ಲಿ ಉರುಳಿಗೆ ಬಿದ್ದ ಗಬ್ಬದ ಹುಲ್ಲೆಯನ್ನೂ ಮರಿಯನ್ನೂ ಬಿಟ್ಟುಬಿಡುವ ವಾಡಿಕೆಯಿದ್ದುದನ್ನು ಪರಿಸರವಿಜ್ಞಾನಿ ಮಾಧವ ಗಾಡ್ಗೀಳರು ದಾಖಲಿಸಿದ್ದಾರೆ. ಇದನ್ನು ಅತಿಯಾಗಿ ವೈಭವೀಕರಿಸುವುದೂ ಬೇಡ: ಪೇಟೆಯ ಬೆಲೆ ಬಂದೊಡನೆ ಇಂಥ ವಾಡಿಕೆಗಳು ಎಲ್ಲೆಡೆಯೂ ಕುಸಿದಿವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಾತು ಇದಕ್ಕಿಂತ ಆಳವಾದುದು. ಬೇಟೆಯೂ ಕುಮರಿಯೂ ನಿಷಿದ್ಧವಾದ ಬಳಿಕ, ತಾವು ವರ್ಷಾರಂಭದಲ್ಲಿ ನೆಲದ ಒಣ ಎಲೆಗಳಿಗೆ ಹಾಕುತ್ತಿದ್ದ ತರಗುಬೆಂಕಿಯೂ ನಿಂತುಹೋದುದರಿಂದ ಲಂಟಾನವು ಕಾಡನ್ನೆಲ್ಲ ಮುಚ್ಚಿತು, ಹುಲ್ಲು ಸತ್ತಿತು, ಹುಲ್ಲನ್ನು ನೆಚ್ಚಿದ ಮೃಗಗಳು ಕಾಡಂಚಿಗೆ ಸರಿದವು ಎಂದು ಅವರ ಹಿರಿಯರು ವಿವರಿಸುತ್ತಾರೆ. ಮೃಗಗಳ ಸಂಖ್ಯೆಯನ್ನು ಕೋವಿಯಿಂದ ನಿಯಂತ್ರಿಸುವುದೋ ಕಾನೂನಿನಿಂದಲೋ ಎಂದು ಇತರರು ವಾದಿಸುತ್ತಿದ್ದಾಗ, ಮೇವನ್ನು ನೋಡಿಕೊಂಡರೆ ಮೃಗವು ತನ್ನನ್ನು ತಾನೇ ನೋಡಿಕೊಳ್ಳುತ್ತದೆ ಎಂಬ ಈ ನಿಲುವನ್ನು ಕೇಳುವವರು ಬಹುಕಾಲ ಇರಲಿಲ್ಲ. 2011ರಲ್ಲಿ ಸೋಲಿಗರ ಸಮುದಾಯ ಅರಣ್ಯಹಕ್ಕುಗಳು ಮಾನ್ಯವಾದ ತರುವಾಯ ಸ್ವಲ್ಪಮಟ್ಟಿಗೆ ಕೇಳಿಬರುತ್ತಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದರ ತಿದ್ದುಪಡಿಗಳೂ ಬೇಟೆಯನ್ನು ಹವ್ಯಾಸವಾಗಿಯೂ ಹಕ್ಕಾಗಿಯೂ ಕೊನೆಗೊಳಿಸಿದವು. ಪೀಡಕವೆಂದು ಸಾರಿದ ಪ್ರಾಣಿಯನ್ನು ಮಾತ್ರ, ಇಲ್ಲವೆ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತವಾಗಿ ಅನುಮತಿಯಿತ್ತ ಪ್ರಾಣಿಯನ್ನು ಮಾತ್ರ ಕೊಲ್ಲಬಹುದು. ಮೊದಲನೆಯ ಅನುಸೂಚಿಯಲ್ಲಿರುವ ತೋಳ, ಚಿರತೆ, ಹುಲಿಗಳಾದರೆ ಮನುಷ್ಯನ ಪ್ರಾಣಕ್ಕೆ ಅಪಾಯವಾಗಿದ್ದು ಸೆರೆಹಿಡಿಯಲು ಸಾಧ್ಯವಾಗದಿದ್ದಾಗ, ಅಥವಾ ವಾಸಿಯಾಗದಂತೆ ರೋಗಗ್ರಸ್ತವಾಗಿಯೋ ಅಂಗವಿಕಲವಾಗಿಯೋ ಇದ್ದಾಗ ಮಾತ್ರ. ಶಿಕಾರಿಯ ಅಧಿಕಾರವು ಹೀಗೆ ಇಲಾಖೆಗೆ ಹೋಯಿತಾದರೂ ಆತನು ಉತ್ತರಿಸುತ್ತಿದ್ದ ಪ್ರಶ್ನೆಯು ಹೋಗಲಿಲ್ಲ. ಕಾಕನಕೋಟೆಯಲ್ಲಿ ಆನೆ ಹಿಡಿಯುವ ಕೊನೆಯ ಖೆಡ್ಡಾ ನಡೆದುದು 1971ರಲ್ಲಿ. 2023ರ ಗಣತಿಯಲ್ಲಿ ರಾಜ್ಯದ ಆನೆಗಳ ಸಂಖ್ಯೆ 6,395. ಹುಲಿಗಳು 2014ರಲ್ಲಿ 406 ಇದ್ದದ್ದು 2022ರಲ್ಲಿ 563 ಆದವು. ಕಾಡು ಮಾತ್ರ ಆ ಪ್ರಮಾಣದಲ್ಲಿ ಬೆಳೆಯಲಿಲ್ಲ. 2021ರ ಆದಿಯಲ್ಲಿ ದಕ್ಷಿಣ ಕೊಡಗಿನ ತೋಟಗಳಲ್ಲಿ ಹುಲಿಗೆ ಜನರು ಬಲಿಯಾದಾಗ, ಅಪ್ಪಣೆ ಕೊಟ್ಟರೆ ತಾವೇ ಹೊಡೆಯುವೆವೆಂದು ಮುಂದೆ ಬಂದ ಕೋವಿದಾರರ ಧ್ವನಿಯಲ್ಲಿ ಕೋಪದೊಡನೆ ಒಂದು ಹಳೆಯ ವೃತ್ತಿಯ ಸ್ವಾಭಿಮಾನವೂ ಬೆರೆತಿತ್ತು.

ಕಾಡುಹಂದಿಯ ವಿಷಯದಲ್ಲಿ ಬೇಟೆಗಾರನೂ ಬೇಸಾಯಗಾರನೂ ಒಬ್ಬನೇ. ಬೆಳೆರಕ್ಷಣೆಗೆಂದು ಕೊಟ್ಟ ಲೈಸೆನ್ಸಿನ ಕೋವಿಯನ್ನು ಚುನಾವಣೆ ಬಂದಾಗಲೆಲ್ಲ ಠಾಣೆಯಲ್ಲಿ ಜಮಾ ಮಾಡಬೇಕಾಗಿ ಬರುವ ರೈತನು, ಹಂದಿಗೂ ಚುನಾವಣೆಯ ನೀತಿಸಂಹಿತೆಯಿದೆಯೇ ಎಂದು ಕೇಳಿದರೆ ಉತ್ತರಿಸುವುದು ಕಷ್ಟ. ಪೀಡಕವೆಂದು ಸಾರಿ ಗುಂಡಿಕ್ಕಲು ಅನುಮತಿ ಕೊಡಬೇಕೆಂಬುದು ಅಂಥವರ ಬೇಡಿಕೆ. ಬಿಹಾರ, ಉತ್ತರಾಖಂಡಗಳಲ್ಲಿ 2015-16ರ ಸುಮಾರಿಗೆ ಹಾಗೆ ಮಾಡಿದುದುಂಟು. ಹಂದಿಯು ಒಂದೇ ಸೂಲಿಗೆ ಹಲವು ಮರಿಗಳನ್ನು ಹಾಕುವ ಪ್ರಾಣಿಯಾದ್ದರಿಂದ, ಆಗಾಗ ಒಂದೆರಡನ್ನು ಹೊಡೆದು ಸಂಖ್ಯೆಯನ್ನು ತಗ್ಗಿಸುವುದು ಹೊಳೆಯ ನೀರನ್ನು ಬೊಗಸೆಯಲ್ಲಿ ಮೊಗೆದಂತೆ ಎಂದು ಅನುಭವಿಗಳಾದ ಈಡುಗಾರರೇ ಒಪ್ಪುತ್ತಾರೆ. ಅವರ ಮಟ್ಟಿಗೆ ಕೋವಿಯ ಸದ್ದಿಗೆ ಹಂದಿ ಹೆದರುವುದೇ ದೊಡ್ಡ ಲಾಭ. ಅನುಮತಿಯಿಲ್ಲದ ಕಡೆ ಆ ಸ್ಥಾನವನ್ನು ತಂತಿಯ ಉರುಳೂ ಸಿಡಿಮದ್ದೂ ಬೇಲಿಗೆ ಹರಿಸಿದ ವಿದ್ಯುತ್ತೂ ಆಕ್ರಮಿಸಿಕೊಂಡಿವೆ. ಉರುಳಿಗೆ ಕಣ್ಣಿಲ್ಲ. ಬೆಂಗಳೂರು ಗ್ರಾಮಾಂತರ, ರಾಮನಗರ, ತುಮಕೂರುಗಳಲ್ಲಿ ಹಂದಿಗೆಂದು ಕಟ್ಟಿದ ಉರುಳಿನಲ್ಲಿ ಚಿರತೆಯು ಸೊಂಟಕ್ಕೆ ಸಿಕ್ಕಿ ಸಾಯುವ ಸುದ್ದಿಯು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹಳೆಯ ಬೇಟೆಗಾರನಿಗೆ ಗುರಿಯೆಂಬುದೊಂದಿತ್ತು, ಗುರಿಯೊಡನೆ ಆಯ್ಕೆಯೂ ಇತ್ತು. ಇವೆರಡನ್ನೂ ಕಳೆದುಕೊಂಡ ಬೇಟೆಯು ಈಗ ನಗರದ ಹೊರವಲಯದಲ್ಲಿ ಮೌನವಾಗಿ ನಡೆಯುತ್ತಿದೆ. ಇನ್ನು ಚಿರತೆಯು ನಗರದೊಳಕ್ಕೇ ಬಂದರೆ ಏನು ಮಾಡಬೇಕೆಂಬುದಕ್ಕೆ ಬೇಟೆಗಾರರ ಬಳಿಯೂ ಅಧಿಕಾರಿಗಳ ಬಳಿಯೂ ಸಿದ್ಧವಾದ ಉತ್ತರವಿಲ್ಲ. 2023ರ ನವೆಂಬರಿನ ಆರಂಭದಲ್ಲಿ ಹೊಸೂರು ರಸ್ತೆಯ ಸಮೀಪದ ಕೂಡ್ಲುವಿನಲ್ಲಿ, ದಿನಗಟ್ಟಲೆ ಹುಡುಕಾಡಿಸಿದ ಚಿರತೆಯೊಂದು ಸೆರೆಹಿಡಿಯುವ ಯತ್ನದ ಮಧ್ಯದಲ್ಲಿ ಗುಂಡೇಟಿಗೆ ಸತ್ತಿತು.

ಗಾಳಗಾರರ ಸಂಗತಿಯನ್ನು ಇಲ್ಲಿ ಸೇರಿಸುವುದು ಅಪ್ರಸ್ತುತವಾಗಲಾರದು, ಮೀನೂ ಮೃಗಯೆಯೇ. ಮೇಲೆ ಹೇಳಿದ ವಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ ಮೀನಿನ ತೂಕ 120 ಪೌಂಡು. ಬೆಂಗಳೂರಿನಲ್ಲಿ 1972ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ವನ್ಯಜೀವಿ ಸಂಘವೂ, ಬಳಿಕ ಭೀಮೇಶ್ವರಿ, ಗಾಳಿಬೋರೆಗಳ ಶಿಬಿರಗಳೂ ಕಾವೇರಿಯ ಒಂದೊಂದು ಹರವನ್ನು ಕಾದು, ಹಿಡಿದ ಮೀನನ್ನು ತೂಗಿ ಬರೆದುಕೊಂಡು ಹೊಳೆಗೇ ಮರಳಿ ಬಿಡುವ ಪದ್ಧತಿಯನ್ನು ರೂಢಿಗೆ ತಂದವು. ಮಡುವಿಗೆ ಸಿಡಿಮದ್ದೆಸೆದು ಮೀನು ಕೊಲ್ಲುತ್ತಿದ್ದವರನ್ನೇ ಕಾವಲುಗಾರರನ್ನಾಗಿ ನೇಮಿಸಿಕೊಂಡುದು ಈ ಏರ್ಪಾಟಿನ ಜಾಣ್ಮೆ. ರಕ್ಷಿತಾರಣ್ಯಗಳಲ್ಲಿ ಗಾಳ ಹಾಕುವುದಕ್ಕೆ ತಡೆ ಬಂದ ಮೇಲೆ ಕಾವಲು ತೆಳುವಾಯಿತೆಂಬುದು ಗಾಳಗಾರರ ನಿಡುಗಾಲದ ದೂರು. ಅದರಲ್ಲಿ ಸತ್ಯವಿಲ್ಲದಿಲ್ಲ; ಆದರೆ ಅವರದೇ ಲೆಕ್ಕದ ಪುಸ್ತಕಗಳು ಇನ್ನೊಂದು ಸತ್ಯವನ್ನು ಬಯಲಿಗೆಳೆದವು. ಸಂಖ್ಯೆ ಹೆಚ್ಚಿಸುವ ಸದುದ್ದೇಶದಿಂದ ಲೋನಾವಳದ ಮರಿಕೇಂದ್ರದಲ್ಲಿ ಬೆಳೆಸಿ ಕಾವೇರಿಗೆ ಬಿಟ್ಟ ನೀಲರೆಕ್ಕೆಯ ಮಹಶೀರ್ ಹೊಳೆಯನ್ನೆಲ್ಲ ತುಂಬಿಕೊಂಡು, ಇಲ್ಲಿಯದೇ ಆದ ಗೂನುಬೆನ್ನಿನ ಮಹಶೀರ್ ವಿನಾಶದ ಅಂಚಿಗೆ ಸರಿದಿತ್ತು. ಗಾಳಿಬೋರೆಯ ದಾಖಲೆಗಳನ್ನು ಪರಿಶೀಲಿಸಿಯೇ ವಿಜ್ಞಾನಿಗಳು ಇದನ್ನು ಕಂಡುಕೊಂಡರು. ಆ ಮೀನಿಗೆ ಶಾಸ್ತ್ರೀಯ ನಾಮಧೇಯವು ಖಚಿತವಾದುದು 2018ರಲ್ಲಿ. ಅದೇ ವರ್ಷ ಅದು ಅತ್ಯಂತ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೂ ಸೇರಿತು. ಬೇಟೆಗಾರನ ಟಿಪ್ಪಣಿಯು ಅವನ ಅಭಿಪ್ರಾಯಕ್ಕಿಂತ ಹೆಚ್ಚು ಬಾಳುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಲೇಖಕನು ಅರಿಯನು. ಹುಲಿಯ ಹೆಜ್ಜೆಗುರುತಿನಿಂದ ಸಂಖ್ಯೆಯನ್ನು ನಿರ್ಣಯಿಸುವ ಪದ್ಧತಿಯೂ ಜಾಡುಗಾರರ ವಿದ್ಯೆಯಿಂದಲೇ ಬಂದು ದಶಕಗಳ ಕಾಲ ಸರ್ಕಾರಿ ಗಣತಿಗೆ ಆಧಾರವಾಗಿತ್ತು. ನಾಗರಹೊಳೆಯಲ್ಲಿ ವನ್ಯಜೀವಿವಿಜ್ಞಾನಿ ಉಲ್ಲಾಸ ಕಾರಂತರು ಸ್ವಯಂಚಾಲಿತ ಕ್ಯಾಮೆರಾಗಳನ್ನಿಟ್ಟು ಅದರ ದೋಷಗಳನ್ನು ತೋರಿಸಿದ ಮೇಲೆ ಹಿಂದೆ ಸರಿಯಿತು.

ತೋಳನ ಕಡೆಗೆ ಮರಳಿದರೆ, ಪಾಶ್ಚಾತ್ಯ ದೇಶಗಳಲ್ಲಿ ಬೇಟೆಗಾರರಿಗೂ ತೋಳಪಕ್ಷಪಾತಿಗಳಿಗೂ ನಡೆಯುವ ವಿವಾದವು ಇಲ್ಲಿ ಅದೇ ರೂಪದಲ್ಲಿ ಇಲ್ಲ. ಅಮೆರಿಕದ ಯೆಲ್ಲೊಸ್ಟೋನ್‌ನಲ್ಲಿ 1995-96ರಲ್ಲಿ 31 ತೋಳಗಳನ್ನು ತಂದು ಬಿಟ್ಟಾಗ, ಕಡವೆಯ ಜಾತಿಯ ಎಲ್ಕುಗಳು ತಮ್ಮ ಪಾಲಿಗೆ ಉಳಿಯುವುದಿಲ್ಲವೆಂದು ಶಿಕಾರಿಗಳು ಆಕ್ಷೇಪಿಸಿದರು. ಅಲ್ಲಿ 1937ರ ಕಾನೂನಿನಂತೆ ಕೋವಿ ಮದ್ದುಗುಂಡುಗಳ ಮೇಲಿನ ಸುಂಕವೇ ವನ್ಯಜೀವಿ ಇಲಾಖೆಗಳ ವೆಚ್ಚಕ್ಕೆ ಆಧಾರವಾದ್ದರಿಂದ ಅವರ ಮಾತಿಗೆ ತೂಕವೂ ಇದೆ. ಯುರೋಪಿನಲ್ಲಿ ತೋಳನಿಗಿದ್ದ ಕಟ್ಟುನಿಟ್ಟಾದ ರಕ್ಷಣೆಯನ್ನು 2025ರಲ್ಲಿ ಒಂದು ಮೆಟ್ಟಲು ಕೆಳಗಿಳಿಸಲಾಯಿತು. ಭಾರತದ ತೋಳನಿಗೆ ಎದುರಾಗಿ ನಿಂತವನು ಲೈಸೆನ್ಸಿನ ಶಿಕಾರಿಯಲ್ಲ, ಕುರಿಗಾಹಿ. ದೇಶದಲ್ಲೆಲ್ಲ ಸುಮಾರು ಮೂರು ಸಾವಿರವಷ್ಟೇ ಉಳಿದಿರುವ, ಅಂದರೆ ಹುಲಿಗಿಂತಲೂ ಸಂಖ್ಯೆಯಲ್ಲಿ ಹೆಚ್ಚಿಲ್ಲದ ಈ ಪ್ರಾಣಿಯು ದಟ್ಟ ಕಾಡನ್ನು ಬಯಸದೆ, ಕಂದಾಯದ ಕಡತಗಳಲ್ಲಿ ಬಂಜರೆಂದು ನಮೂದಾದ ಕುರುಚಲು ಬಯಲಿನಲ್ಲಿ, ಕುರಿಯ ಮಂದೆಗಳ ಹಿಂದುಮುಂದೆಯೇ ಬಾಳುತ್ತದೆ. ಬಯಲಿಗೆ ಮರ ನೆಟ್ಟರೂ ಅದಕ್ಕೆ ಕೇಡು, ಕಾರ್ಖಾನೆ ಕಟ್ಟಿದರೂ ಕೇಡು. 1996ರಲ್ಲಿ ಉತ್ತರಪ್ರದೇಶದ ಪೂರ್ವಭಾಗದಲ್ಲಿ ತೋಳಗಳು ಮಕ್ಕಳನ್ನು ಹೊತ್ತೊಯ್ದಾಗ, ಸ್ಥಳಕ್ಕೆ ಹೋಗಿ ಅಭ್ಯಸಿಸಿದ ವೈ.ವಿ. ಝಾಲಾ ಮತ್ತು ಡಿ.ಕೆ. ಶರ್ಮಾ ಅವರು ಆ ಕೃತ್ಯವು ಸೀಮೆಯ ಎಲ್ಲ ತೋಳಗಳದಲ್ಲವೆಂದು ತೀರ್ಮಾನಿಸಿದರು. ಆಂಡರ್ಸನ್ನನು ಜವಳಗಿರಿಯ ಹುಲಿಯ ವಿಷಯದಲ್ಲಿ ಹೇಳುತ್ತಿದ್ದುದೂ ಇದೇ ಜಾತಿಯ ಮಾತು. ಉತ್ತರಪ್ರದೇಶದಲ್ಲಿ ಭಯಗ್ರಸ್ತರಾದ ಜನರು ಮನುಷ್ಯರನ್ನೇ ವೇಷಾಂತರದ ತೋಳಗಳೆಂದು ಶಂಕಿಸಿ ಹೊಡೆದುದು ತೋಳನ ಚರಿತ್ರೆಗಿಂತ ಮನುಷ್ಯನ ಚರಿತ್ರೆಗೆ ಸೇರಬೇಕಾದ ಅಧ್ಯಾಯ.

ಕರ್ನಾಟಕದಲ್ಲಿ ತೋಳನಿಗಾಗಿ ಮೊದಲು ನೆಲ ಮೀಸಲಾದುದು ಮೇಲುಕೋಟೆಯಲ್ಲಿ, 1974ರಲ್ಲಿ. ಚೆಲುವನಾರಾಯಣನ ಬೆಟ್ಟದ ಸುತ್ತಣ ಸುಮಾರು 50 ಚದರ ಕಿಲೋಮೀಟರು ಕುರುಚಲು ಕಾಡು ದೇವಸ್ಥಾನದ ಹೆಸರಿನ ಅಭಯಾರಣ್ಯವಾಯಿತು. ಅದೇ ವರ್ಷ ಕೃಷ್ಣಮೃಗಗಳಿಗಾಗಿ ಸ್ಥಾಪಿತವಾದ ರಾಣೆಬೆನ್ನೂರಿನ ಅಭಯಾರಣ್ಯವೂ ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯ ಹುಲ್ಲುಗಾವಲೂ ತೋಳನಿಗೆ ಪರೋಕ್ಷವಾಗಿ ಆಶ್ರಯವಿತ್ತವು. ಈಚೆಗೆ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ, ಗವಿಗಳಿರುವ ಗುಡ್ಡಗಳನ್ನೂ ಕುರುಚಲನ್ನೂ ಒಳಗೊಂಡ ಸುಮಾರು 330 ಹೆಕ್ಟೇರುಗಳಷ್ಟು ಭೂಮಿಯನ್ನು ತೋಳನ ಹೆಸರಿನಲ್ಲಿಯೇ ಅಭಯಾರಣ್ಯವನ್ನಾಗಿ ಮಾಡಿದ್ದಾರೆ. ತೋಳನಾದರೋ ಒಂದು ರಾತ್ರಿಯಲ್ಲಿ ಅದರ ಈ ತುದಿಯಿಂದ ಆ ತುದಿಗೆ ಹಲವು ಬಾರಿ ಹೋಗಿಬರಬಲ್ಲದು. ಬೆಳಗಾಗುವ ಹೊತ್ತಿಗೆ ಅದಿರುವುದು ಬಹುಮಟ್ಟಿಗೆ ಗಡಿಯ ಹೊರಗೆ, ಕುರುಬರ ಹಟ್ಟಿಯ ಸಮೀಪದಲ್ಲಿ. ಮರಿ ಕಳೆದುಕೊಂಡು ಸಿಟ್ಟಿನಲ್ಲಿ ವಿಷವಿಟ್ಟವರು ಅಲ್ಲಿಯೂ ಇದ್ದಾರೆ, ಪರಿಹಾರದ ಅರ್ಜಿ ಹಿಡಿದು ಕಛೇರಿಗೆ ಅಲೆದು ಬೇಸತ್ತವರೂ ಇದ್ದಾರೆ. ಆದರೆ ದಖ್ಖನಿನ ಹಳೆಯ ಕುರಿಗಾರರಲ್ಲಿ ಕೆಲವರು, ಮಂದೆಯಿಂದ ವರ್ಷಕ್ಕೆ ಒಂದೆರಡು ಮರಿ ಹೋದರೆ ಅದನ್ನು ಕಳವೆಂದು ಲೆಕ್ಕ ಹಿಡಿಯುವುದಿಲ್ಲ. ತೋಳನ ಪಾಲು ಎನ್ನುತ್ತಾರೆ.